ಯುದ್ಧದ ಪಿಕ್ಚರಿನ್ಯಾಗ ಎದ್ದು ನಿಂತ ಅಪ್ಪ

ನನ್ನಾಕೆ ಹೋದಮೇಲೆ ಮನೆಯಲ್ಲಿ ಏನಾದರೂ ಸದ್ದಿರಲಿ ಅಂತ ಟೀವಿ ಹಚ್ಚಿಡುತ್ತೇನೆ. ನಿನ್ನೆ ಯಾವುದೋ ಯುದ್ಧದ ಪಿಕ್ಚರ್ ನಡೆದಿತ್ತು. ಮೊಮ್ಮಗಳು ಹುರಿದ ಶೇಂಗಾ ತಂದಿಟ್ಟಳು ನೋಡ್ರಿ, ಆ ವಾಸನೆಗೆ ಸೀದಾ ಚಿಕ್ಕಂದಿನ ಮಾನ್ವಿಯ ಟೆಂಟ್ ಟಾಕೀಸಿಗೆ ಹೋಗಿಬಿಟ್ಟೆ.

ನಮ್ಮಪ್ಪ ಸಾಲಿ ಮಾಸ್ತರ್. ಪಿಕ್ಚರಿಗೆ ಹೋದರೆ ಪಕ್ಕದಲ್ಲಿ ಬಳೆ ಅಂಗಡಿಯ ಹುಸೇನ್ ಮಾಮಾ ಇರಲೇಬೇಕು. ಅವತ್ತು ನಮ್ಮ ರಾಯಚೂರು ಕೋಟೆಗಾಗಿ ರಾಯರಿಗೂ ಸುಲ್ತಾನನಿಗೂ ನಡೆದ ಯುದ್ಧದ ಕಥೆ. ಸುಲ್ತಾನನ ಸೈನಿಕರೆಲ್ಲ ಹಲ್ಲು ಕಡಿಯುವವರೇ. ಒಬ್ಬೊಬ್ಬರು ಬಿದ್ದಾಗಲೂ ಟೆಂಟಿಗೆ ಟೆಂಟೇ ಸೀಟಿ ಹೊಡೆಯಿತು. ಹುಸೇನ್ ಮಾಮಾ ನೆಲ ನೋಡುತ್ತ ಕೂತಿದ್ದರು.

ಅಪ್ಪ ಎದ್ದು ನಿಂತರು. “ರಾಯರ ದಂಡಿನ್ಯಾಗ ಮುಸಲ್ಮಾನ ಸಿಪಾಯಿಗಳೂ ಇದ್ರಲ್ಲ, ಅವರನ್ನ ಯಾಕ ತೋರ್ಸವಲ್ರು?”

“ಕೂಡ್ರಿ ಮಾಸ್ತರ, ಇದು ನಿಮ್ಮ ಸಾಲಿ ಅಲ್ಲ,” ಅಂತ ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಅಪ್ಪ ಅದೇ ಮಾತನ್ನು ಇನ್ನೂ ಜೋರಾಗಿ ಹೇಳಿಯೇ ಕೂತರು. ಮುಂದೆ ನನಗೆ ಕಾಲೇಜಿನಲ್ಲಿ ಇತಿಹಾಸವನ್ನು ಇದ್ದದ್ದು ಇದ್ದಹಾಗೆ ಹೇಳಬೇಕು, ಅದು ಹಿಸ್ಟಾರಿಕಲ್ ಅಕ್ಯುರಸಿ ಅಂತೇನೋ ಕಲಿಸಿದರು. ನನಗೆ ನೆನಪಾದದ್ದು ನೆಟ್ಟಗೆ ನಿಂತ ಅಪ್ಪನ ಬೆನ್ನು.

ಮನೆಗೆ ಬರುವಾಗ ಹುಸೇನ್ ಮಾಮಾ ಸರಸರ ಮುಂದೆ ನಡೆದುಬಿಟ್ಟರು. ಇನ್ನು ಅವರು ನಮ್ಮ ಜೊತೆ ಬರಲಿಕ್ಕಿಲ್ಲ ಅಂತ ಅಪ್ಪನಿಗೆ ಊಟ ಸೇರಲಿಲ್ಲ.

ಮತ್ತೊಂದು ಯುದ್ಧದ ಪಿಕ್ಚರ್ ಬಂದ ದಿನ ಬಾಗಿಲಲ್ಲಿ ಹುಸೇನ್ ಮಾಮಾನದೇ ದನಿ: “ಏಳ್ರಿ ಮಾಸ್ತರ, ಹೊತ್ತಾತು. ನೀವು ಬರಲಿಲ್ಲಂದ್ರ ಪಿಕ್ಚರಿನವರ ತಪ್ಪು ಹೇಳೋರ್ಯಾರು?”

ಮೊಮ್ಮಗಳಿಗೆ ಈ ಕಥೆ ಇಷ್ಟು ಹೇಳುವುದರೊಳಗೆ ಅವಳು ಟೀವಿ ಸದ್ದು ಕಡಿಮೆ ಮಾಡಿದ್ದಳು. “ತಾತಾ, ಆ ಎರಡನೇ ಪಿಕ್ಚರಿನವರಾದ್ರೂ ಖರೇ ತೋರ್ಸಿದ್ರೇನು?”

“ಇಲ್ಲವ್ವಾ. ಅಪ್ಪ ಮತ್ತ ಎದ್ದು ನಿಂತ್ರು. ಆ ಸಲ ಹುಸೇನ್ ಮಾಮಾನೂ ನಿಂತ್ರು.”