ಅಪ್ಪನ ತಿಥಿ ಶನಿವಾರವಿತ್ತು

ಅಣ್ಣಾ, ಅಪ್ಪನ ತಿಥಿ ಶನಿವಾರವೇ ಇತ್ತು. ನೀನು ಹೇಳಿದ್ದೇ ಸರಿ. ಭಾನುವಾರ ಎಂದು ಅಮ್ಮನಿಗೆ ಸುಳ್ಳು ಹೇಳಿದವನು ನಾನು — ಗೊತ್ತಿದ್ದೂ ಹೇಳಿದೆ.

ಆ ಶನಿವಾರ ಇಲ್ಲಿ ನಮ್ಮೂರಿನ ಋಷಿಕೊಂಡ ಕಡಲತೀರದ ಹತ್ತಿರ ನನ್ನ ಉಪನ್ಯಾಸವಿತ್ತು. ಜಪಾನಿನ ಮೇಜಿ ಸರ್ಕಾರ ಹಳೆಯ ಚಾಂದ್ರಮಾನ ಪಂಚಾಂಗವನ್ನು ರದ್ದು ಮಾಡಿ, ಒಳ್ಳೆಯ ದಿನ ಕೆಟ್ಟ ದಿನಗಳನ್ನೆಲ್ಲ ಮೂಢನಂಬಿಕೆಯೆಂದು ಅಳಿಸಿ, ಅರಸನ ವಂಶದ ಹಬ್ಬಗಳನ್ನು ತುಂಬಿದ ಕಥೆ. ಜನ ಬಿಡಲಿಲ್ಲ, ಹಳೆಯದನ್ನೇ ಕದ್ದುಮುಚ್ಚಿ ಅಚ್ಚು ಹಾಕಿಸಿಕೊಂಡರು. "ಸತ್ತವರ ದಿನ ಯಾವುದೆಂದು ಹೇಳಲು ಸರ್ಕಾರ ಯಾರು?" ಎಂದು ವೇದಿಕೆಯ ಮೇಲೆ ಗುಡುಗಿದೆ. ಚಪ್ಪಾಳೆಯೋ ಚಪ್ಪಾಳೆ. ಥೂ, ನನ್ನ ಜನ್ಮಕ್ಕಿಷ್ಟು!

ಅದಕ್ಕೆ ಒಂದು ವಾರ ಮುಂಚೆ ನೀನು ವಿಜಯವಾಡದಿಂದ ಫೋನ್ ಮಾಡಿ ಶನಿವಾರ ಅಂದಾಗ, ಅಮ್ಮನಿಗೆ ಮಂಡಿನೋವು, ಭಾನುವಾರ ಬರುತ್ತೇವೆ ಅಂದೆ. ಅಮ್ಮನಿಗೆ ತಿಥಿಯೇ ಭಾನುವಾರ ಅಂದೆ. ಕಣ್ಣಿಗೆ ಪೊರೆ ಬಂದವಳು, ನನ್ನ ಮನೆಯಲ್ಲಿದ್ದವಳು — ಪಂಚಾಂಗದ ಮೇಲೆಯೇ ಡಾಕ್ಟರೇಟ್ ಮಾಡಿದ ಮಗ ಹೇಳಿದ ಮೇಲೆ ಇನ್ನೇನು ಕೇಳುತ್ತಾಳೆ?

ಭಾನುವಾರ ನಿನ್ನ ಮನೆಗೆ ಬಂದಾಗ ಎಲ್ಲ ಮುಗಿದಿತ್ತು. ಅಮ್ಮ ಬಾಗಿಲಲ್ಲೇ ನಿಂತಳು.

"ಎರಡನೇ ಶನಿವಾರ ನಿನ್ನ ಬ್ಯಾಂಕಿಗೆ ರಜಾ, ಭಾನುವಾರ ಆರಾಮಾಗಿರೋಣ ಅಂತ ಒಂದ್ ದಿನ ಮುಂಚೆನೇ ಮುಗಿಸ್ಬಿಟ್ಯೇನೋ?"

"ಇಲ್ಲಮ್ಮ, ತಿಥಿ ನಿನ್ನೇನೇ ಇದ್ದಿದ್ದು."

ಅವಳು ನನ್ನ ಕಡೆ ತಿರುಗಿದಳು. "ನೀ ಹೇಳಪ್ಪ, ಯಾವತ್ತು?"

"ಇವತ್ತೇ, ಅಮ್ಮ."

ನೀನು ಪಂಚಾಂಗ ತಂದು ನನ್ನ ಮುಖಕ್ಕೆ ಹಿಡಿಯಬಹುದಿತ್ತು. "ಅವನು ಓದಿರೋನು, ಸರಿ ಇರ್ಬೇಕು ಬಿಡು" ಅಂದೆ, ಅಷ್ಟೇ. ನನ್ನನ್ನು ಕಾಪಾಡಿದೆಯೋ, ನಿಜವಾಗಿ ನಂಬಿದೆಯೋ — ಕೇಳುವ ಧೈರ್ಯ ನನಗೆ ಬರಲೇ ಇಲ್ಲ.

ಅಮ್ಮ ಅವತ್ತು ನಿನ್ನ ಮನೆಯ ನೀರೂ ಮುಟ್ಟಲಿಲ್ಲ. ಆಮೇಲೆ ಬದುಕಿದ್ದ ನಾಲ್ಕು ವರ್ಷವೂ ನಿನ್ನ ಫೋನ್ ಬಂದರೆ ಬೇಡವೆಂದು ಕೈ ಆಡಿಸುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ. ಒಂದು ಮಾತು ಸಾಕಿತ್ತು. ಅವಳ ಕಣ್ಣಲ್ಲಿ ನಾನು ಸಣ್ಣವನಾಗಬಾರದಿತ್ತು, ನೀನಾದರೆ ಪರವಾಗಿಲ್ಲ... ಕೊನೆಗೆ ಆಸ್ಪತ್ರೆಯಲ್ಲಿ, "ದೊಡ್ಡೋನು ಅವರಪ್ಪನಿಗೇ ಮೋಸ ಮಾಡ್ಬಿಟ್ಟ ಕಣೋ" ಅಂದು ಅತ್ತಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ನೀನು ಫೋನ್ ಮಾಡಿದೆ. "ಅಮ್ಮನ ತಿಥಿ ಯಾವತ್ತು ಬರುತ್ತೆ, ನೀನೇ ನೋಡಿ ಹೇಳೋ. ನಾನು ನೋಡಿದ್ರೆ ಅವಳಿಗೆ ಸಮಾಧಾನ ಆಗಲ್ಲ."

ನೋಡಿ ಹೇಳುತ್ತೇನೆ ಅಂದು ಫೋನ್ ಇಟ್ಟೆ. ನೋಡಲಿಲ್ಲ, ಇದನ್ನು ಬರೆದೆ. ದಿನ ನೀನೇ ನೋಡು ಅಣ್ಣಾ. ಇದನ್ನು ಓದಿದ ಮೇಲೂ ಬಾ ಅಂದರೆ ಬರುತ್ತೇನೆ.