ಬೊಟ್ಟು ಅಂಟಿಸಿದ ರಿಮೋಟ್

ಕಳೆದ ವಾರ ಹಳೆ ಕನ್ನಡಕ ಹುಡುಕಲಿಕ್ಕೆಂದು ಮೇಜಿನ ಕೆಳಗಿನ ಖಾನೆ ಎಳೆದೆ. ಕನ್ನಡಕ ಸಿಗಲಿಲ್ಲ. ಒಂದು ಪ್ಲಾಸ್ಟಿಕ್ ಕವರಿನೊಳಗೆ ಉದ್ದದ ಕಪ್ಪು ರಿಮೋಟ್ ಸಿಕ್ಕಿತು. ಹಿಂದಿನ ಮುಚ್ಚಳ ತೆಗೆದರೆ ಸೆಲ್ಲುಗಳು ಸೋರಿ, ಸ್ಪ್ರಿಂಗಿಗೆಲ್ಲ ಬಿಳಿ ಪುಡಿ ಹಿಡಿದು, ಒಂದು ಥರ ಕಿಲುಬಿನ ವಾಸನೆ. ಊರಿಗೆಲ್ಲ ಸೆಲ್ ತೆಗೆದಿಡಿ ಎಂದು ಉಪದೇಶ ಮಾಡಿದವಳು ನಾನು. ನನ್ನ ಖಾನೆಯೊಳಗೇ ಹೀಗೆ. ತಿರುಗಿಸಿ ನೋಡಿದೆ. ಕೆಳಗಿನ ದೊಡ್ಡ ಗುಂಡಿಯ ಮೇಲೆ ಕೆಂಪು ಸ್ಟಿಕರ್ ಬೊಟ್ಟು ಬಣ್ಣ ಮಾಸಿದರೂ ಹಾಗೆಯೇ ಅಂಟಿಕೊಂಡಿತ್ತು. ಆ ಬೊಟ್ಟು ನನ್ನದು. ರಿಮೋಟ್ ಪಕ್ಕದ ಮನೆಯ ಅಕ್ಕನದು...

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷ ಆಗಿತ್ತು. ನಾನು ಮೆಲ್ಕಾರಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ನಮ್ಮದೂ ಅಕ್ಕನದೂ ಒಂದೇ ಕಂಪೌಂಡು ಗೋಡೆ, ನಡುವೆ ಒಬ್ಬರು ನುಗ್ಗುವಷ್ಟು ಸಂದು. ಅವರ ಯಜಮಾನರು ಶಾರ್ಜಾದಲ್ಲಿ ಏಸಿ ಮೆಕ್ಯಾನಿಕ್. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಬರುವವರು, ಬರುವಾಗ ಒಂದಲ್ಲ ಒಂದು ಯಂತ್ರ ತರುವವರು. ಹಾಗೆ ತಂದು ತಂದು ಅವರ ಚಾವಡಿಯಲ್ಲಿ ದೊಡ್ಡ ಟೀವಿ, ಡಿಸ್ಕ್ ಪ್ಲೇಯರ್, ಆಂಪ್ಲಿಫಯರ್, ನಾಲ್ಕು ಮೂಲೆಗೂ ಒಂದೊಂದು ಸ್ಪೀಕರ್ ಸೇರಿ ಹೋಂ ಥಿಯೇಟರ್ ಆಗಿಬಿಟ್ಟಿತ್ತು. ಅಕ್ಕ ಸಿನಿಮಾ ನೋಡುವವರಲ್ಲ. ಅವರಿಗೆ ಅದು ಬೇಕಾಗಿದ್ದದ್ದು ಬೇರೆಯದಕ್ಕೆ.

ಮೊದಲೆಲ್ಲ ಗಲ್ಫಿನವರು ಕಾಗದದ ಬದಲು ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ ಕಳಿಸುತ್ತಿದ್ದರು. ಸಾಹೇಬರ ರೂಮಿನಲ್ಲಿ ಯಾರೋ ಒಬ್ಬರು ಸಣ್ಣ ವಿಡಿಯೋ ಕ್ಯಾಮರಾ ತೆಗೆದುಕೊಂಡ ಮೇಲೆ ಇವರದ್ದು ಸೀಡಿಯಾಯಿತು. ಊರಿಗೆ ಬರುವವರ ಕೈಯಲ್ಲಿ ಖರ್ಜೂರ, ಸಾಬೂನುಗಳ ನಡುವೆ ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದರು. ಅದರಲ್ಲಿ ಅವರು ಮಂಚದ ಮೇಲೆ ಕೂತು ಅರ್ಧ ಗಂಟೆ ಅಕ್ಕನ ಹತ್ತಿರ ಮಾತಾಡುತ್ತಿದ್ದರು. ಫೋನಿನಲ್ಲಿ ಅಷ್ಟು ಹೊತ್ತು ಮಾತಾಡುವ ಕಾಲವಲ್ಲ ಅದು.

ತಾಪತ್ರಯ ಇದ್ದದ್ದು ಆ ಸೀಡಿ ಹಾಕುವುದರಲ್ಲಿ. ಟೀವಿಗೆ ಒಂದು ರಿಮೋಟ್, ಪ್ಲೇಯರಿಗೆ ಒಂದು, ಆಂಪ್ಲಿಫಯರಿಗೆ ಮತ್ತೊಂದು. ಟೀವಿಯನ್ನು ಏವಿಗೆ, ಅಂದರೆ ಸೀಡಿಯ ಚಿತ್ರ ಬರುವ ಚಾನೆಲಿಗೆ ತರಬೇಕು, ಅದು ರಿಮೋಟಿನಲ್ಲಿ ಮಾತ್ರ ಆಗುವುದು. ಆಂಪ್ಲಿಫಯರನ್ನು ಡಿಸ್ಕಿಗೆ ತಿರುಗಿಸಬೇಕು. ಎಲ್ಲ ಅಕ್ಷರವೂ ಇಂಗ್ಲಿಷು. ಅಕ್ಕ ಐದನೆಯವರೆಗೆ ಕನ್ನಡ ಶಾಲೆಗೆ ಹೋದವರು, ಪೇಪರು ಓದುತ್ತಿದ್ದರು, ಇಂಗ್ಲಿಷು ಇಲ್ಲ. ಒಮ್ಮೆ ಏನೋ ಒತ್ತಿ ಪರದೆಯಲ್ಲಿ ಚೀನೀ ಅಕ್ಷರ ಬಂದು, ಮೈದುನ ಬಂದು ಸರಿ ಮಾಡುವಾಗ ಮನೆಯವರೆಲ್ಲರ ಎದುರು ಗದರಿದ್ದನಂತೆ. ಅಂದಿನಿಂದ ಅವರು ಅದನ್ನು ಮುಟ್ಟುತ್ತಿರಲಿಲ್ಲ. ಸೀಡಿ ಬಂದ ದಿನ ಸಂದಿನಲ್ಲಿ ನಿಂತು ನನ್ನನ್ನು ಕರೆಯುತ್ತಿದ್ದರು.

"ಟೀಚರ್, ಇವರು ಬಂದಿದ್ದಾರೆ" ಎನ್ನುತ್ತಿದ್ದರು. ನಮ್ಮ ಮಾತೆಲ್ಲ ತುಳುವಿನಲ್ಲೇ, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ.

ನಾನು ಹೋಗಿ ಹಾಕಿ ಕೊಡುತ್ತಿದ್ದೆ. ಚಿತ್ರ ಬರುವ ತನಕ ನಿಲ್ಲಲೇಬೇಕಲ್ಲ. ಹಾಗಾಗಿ ಗಂಡ ಹೆಂಡತಿಯನ್ನು ಮೊದಲು ಏನೆಂದು ಕರೆಯುತ್ತಾನೆ ಎಂಬುದು ಪ್ರತಿ ಸಲ ನನ್ನ ಕಿವಿಗೆ ಬೀಳುತ್ತಿತ್ತು. ಅಕ್ಕ ಆಗ ಸೆರಗಿನ ತುದಿ ನೋಡುತ್ತಾ ನಿಲ್ಲುತ್ತಿದ್ದರು. ನಡುವೆ ಕರೆಂಟು ಹೋಗಿ ಬಂದರೆ ಮತ್ತೆ ನನ್ನನ್ನೇ ಕರೆಯಬೇಕು. ಒಮ್ಮೆ ಹಾಗೆ ಎರಡನೇ ಸಲ ಹೋದಾಗ ಅವರ ಕಣ್ಣು ಕೆಂಪಾಗಿತ್ತು, ನಾನು ನೋಡದವಳ ಹಾಗೆ ಮಾಡಿದೆ.

ಸಾಹೇಬರು ಮುಂದಿನ ರಜೆಯಲ್ಲಿ ಬಂದಾಗ ಅಕ್ಕ ಕೇಳಿದ್ದು ಒಂದೇ. ಯಾರನ್ನೂ ಕರೆಯದೆ, ಒಂದೇ ಗುಂಡಿ ಒತ್ತಿದರೆ ನಿಮ್ಮ ಮುಖ ಬರಬೇಕು, ಹಾಗಿನದ್ದು ಉಂಟಾ ಎಂದು. ಉಂಟು ಎಂದರು ಸಾಹೇಬರು. ಬಂಟ್ವಾಳ ಪೇಟೆಯಲ್ಲಿ ಸಿಗಲಿಲ್ಲ. ಮೂಡುಬಿದಿರೆಯಲ್ಲಿ ಗಲ್ಫ್ ಸಾಮಾನಿನ ಅಂಗಡಿ ಉಂಟೆಂದು ಯಾರೋ ಹೇಳಿದರು. "ನಾನು ಹೋದ ಮೇಲೆ ನೋಡಿಕೊಳ್ಳುವವರು ನೀವೇ ಅಲ್ವಾ ಟೀಚರ್, ನೀವೂ ಬನ್ನಿ" ಎಂದರು ಸಾಹೇಬರು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಮೂವರೂ ಸಿದ್ದಕಟ್ಟೆ ದಾರಿಯಾಗಿ ಬಸ್ಸಿನಲ್ಲಿ ಹೋದೆವು. ದಾರಿಯಿಡೀ ನಾನು ರಿಮೋಟಿನಿಂದ ಹೊರಡುವ ಇನ್‌ಫ್ರಾರೆಡ್ ಎಂದರೇನು ಎಂದು ವಿವರಿಸಿದ್ದೆ. ಸಾಹೇಬರು ಪಾಪ, ಎಲ್ಲ ಗೊತ್ತಿದ್ದೂ ಹೂಂಗುಟ್ಟಿದರು.

ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೂರು ರಿಮೋಟ್ ಇಟ್ಟ. ಒಂದು ಅಗ್ಗದ್ದು, ಪುಸ್ತಕ ನೋಡಿ ಕಂಪೆನಿಯ ನಂಬರ್ ಒತ್ತುವಂಥದ್ದು. ಅದರಲ್ಲಿ ಟೀವಿ ನಡೆಯುತ್ತದೆ, ಇವರ ಆಂಪ್ಲಿಫಯರಿನ ಹೆಸರೇ ಪುಸ್ತಕದಲ್ಲಿ ಇರಲಿಲ್ಲ. ಎರಡನೆಯದರಲ್ಲಿ ಗುಂಡಿಯೇ ಇಲ್ಲ, ಹಸಿರು ಬೆಳಕಿನ ಪರದೆ, ಬೆರಳು ತಾಗಿಸಿದರೆ ಆಯಿತು. ಸಾಹೇಬರಿಗೆ ಅದನ್ನು ಕಂಡು ಆಸೆಯಾಯಿತು. ನನಗೂ ಆಯಿತು, ಸುಳ್ಳು ಯಾಕೆ ಹೇಳುವುದು. ಮೂರನೆಯದು ಉದ್ದಕ್ಕೆ, ದಪ್ಪಕ್ಕೆ, ಚಂದ ಏನೂ ಇಲ್ಲ. "ಇದು ಕಲಿಯುವ ರಿಮೋಟ್. ನಿಮ್ಮ ಹಳೇದರ ಮೂತಿಗೆ ಇದರ ಮೂತಿ ಇಟ್ಟು ಒತ್ತಿದರೆ ಅದು ಹೇಳಿದ್ದನ್ನೆಲ್ಲ ಕಲಿತುಕೊಳ್ತದೆ. ಐದಾರು ಕೆಲಸ ಒಂದೇ ಗುಂಡಿಗೆ ಕಟ್ಟಬಹುದು" ಎಂದ ಅಂಗಡಿಯವನು.

ನಾವಿಬ್ಬರೂ ಪರದೆಯದ್ದರ ಗುಣಗಾನ ಮಾಡುತ್ತಿದ್ದೆವು. ಅಕ್ಕ ಎರಡನ್ನೂ ಕೈಗೆ ತೆಗೆದುಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳು ಆಡಿಸಿ ನೋಡಿದರು. ಪರದೆಯದ್ದನ್ನು ಕೆಳಗಿಟ್ಟರು.

"ಇದು ಸ್ಲೇಟಿನ ಹಾಗೆ ಉಂಟು. ಬೆರಳಿಗೆ ಏನೂ ಸಿಗುವುದಿಲ್ಲ" ಎಂದರು.

"ಇದರಲ್ಲಿ ಹೆಸರೆಲ್ಲ ಬರ್ತದೆ ಮಾರಾಯ್ತಿ" ಎಂದರು ಸಾಹೇಬರು.

"ಒತ್ತುವವಳು ನಾನಲ್ವಾ?"

ಅಲ್ಲಿಗೆ ಮುಗಿಯಿತು. ದಪ್ಪದ್ದನ್ನೇ ತಂದೆವು. ಮರುದಿನ ಸಾಹೇಬರು ಚಾಪೆಯ ಮೇಲೆ ಕೂತು ಇಡೀ ಮಧ್ಯಾಹ್ನ ಅದಕ್ಕೆ ಪಾಠ ಹೇಳಿದರು. ಕೆಳಗಿನ ದೊಡ್ಡ ಗುಂಡಿಗೆ ಎಲ್ಲವನ್ನೂ ಕಟ್ಟಿದರು. ಟೀವಿ ಹೊತ್ತಬೇಕು, ಏವಿಗೆ ಬರಬೇಕು, ಆಂಪ್ಲಿಫಯರ್ ಡಿಸ್ಕಿಗೆ ತಿರುಗಬೇಕು, ಸೀಡಿ ಓಡಬೇಕು. ಗುರುತಿಗೆ ಏನಾದರೂ ಅಂಟಿಸುವ ಎಂದಾಗ ನಾನು ಹಣೆಯ ಬೊಟ್ಟು ತೆಗೆದು ಅಂಟಿಸಿದೆ. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ನಮ್ಮ ಮನೆಯಲ್ಲಿ ಬೊಟ್ಟು ಇಟ್ಟದ್ದು ಇದು ಒಂದೇ" ಎಂದರು.

ಸಾಹೇಬರು ಹಳೆ ರಿಮೋಟ್ ಮೂರನ್ನೂ ಕವರಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿ ಹೊರಟು ಹೋದರು. ನಂತರ ಬಂದ ಎರಡು ಸೀಡಿಗೆ ನನ್ನನ್ನು ಯಾರೂ ಕರೆಯಲಿಲ್ಲ. ಅಕ್ಕ ಬಾಗಿಲು ಹಾಕಿಕೊಂಡದ್ದು ಗೊತ್ತಾಗುತ್ತಿತ್ತು, ಅಷ್ಟೆ. ಒಮ್ಮೆ ಒಳಗಿಂದ ಅವರು ಜೋರಾಗಿ ನಗುವುದು ಕೇಳಿಸಿತು. ಅಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕದ್ದು ನಾನು ಕೇಳಿದ್ದು ಅದೇ ಮೊದಲು. ಸಂತೋಷವಾಯಿತು, ಸ್ವಲ್ಪ ಬೇಜಾರೂ ಆಯಿತು. ಬೇಡದವಳಾದೆನಲ್ಲ ಎಂದು...

ಮೇ ಕೊನೆಗೆ ಅಕ್ಕ ಬೆಳ್ತಂಗಡಿಯ ತವರಿಗೆ ಹೊರಟರು. ತಂಗಿಯ ಬಾಣಂತನ, ಒಂದೂವರೆ ತಿಂಗಳು. ನಮ್ಮಲ್ಲಿ ಮಳೆ ಹಿಡಿಯುವ ಮೊದಲು ಮನೆ ಬಿಡುವವರು ಮಾಡುವುದೆಲ್ಲ ಮಾಡಿದರು. ಸಿಡಿಲಿಗೆ ಹೆದರಿ ಪ್ಲಗ್ಗುಗಳನ್ನೆಲ್ಲ ಕಿತ್ತರು, ಟೀವಿಗೆ ಬೆಡ್‌ಶೀಟು ಹೊದಿಸಿದರು. ನಾನು ಸಂದಿನಲ್ಲಿ ನಿಂತು ಕೇಳಿದೆ, "ರಿಮೋಟಿನ ಸೆಲ್ ತೆಗೆದಿಟ್ಟಿರಾ ಅಕ್ಕ? ಮಳೆಗಾಲದ ತೇವಕ್ಕೆ ಸೋರಿದರೆ ಕತೆ ಮುಗಿಯಿತು." ನಮ್ಮ ಊರಿನಲ್ಲಿ ಟಾರ್ಚಿನ ಸೆಲ್ ಕೂಡ ಹಾಗೆ ತೆಗೆದಿಡುವುದು ವಾಡಿಕೆ. ಟೀಚರ್ ಹೇಳಿದ ಮೇಲೆ ಮತ್ತೇನು? ಅಕ್ಕ ಹೋಗಿ ತೆಗೆದಿಟ್ಟರು.

ಜುಲೈಯಲ್ಲಿ ಅವರು ಬಂದ ವಾರವೇ ಹೊಸ ಸೀಡಿ ಬಂತು. ಬೊಟ್ಟಿನ ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ಕೆಂಪು ದೀಪ ಮೂರು ಸಲ ಮಿಣುಕಿ ಸುಮ್ಮನಾಯಿತು. ಹೊಸ ಸೆಲ್ ಹಾಕಿದೆವು, ಅದೇ. ಹಳೆಯದಾದರೂ ಇರಲಿ ಎಂದು ಅಟ್ಟ ಹತ್ತಿ ಕವರು ಇಳಿಸಿದರೆ ಅವುಗಳ ಸೆಲ್ಲನ್ನು ಯಾರೂ ತೆಗೆದಿರಲಿಲ್ಲ. ಮೂರೂ ಸೋರಿ ತುಕ್ಕು ಹಿಡಿದಿದ್ದವು. ನಾನು ಕಾಗದದ ಮಡಿಕೆ ಬಿಡಿಸಿ, ಹೊಸ ರಿಮೋಟಿನ ಜೊತೆ ಬಂದ ಇಂಗ್ಲಿಷ್ ಸೂಚನೆಗಳನ್ನು ಓದುತ್ತಾ ಹೋದೆ. ಎರಡನೇ ಪುಟದಲ್ಲಿ ಇತ್ತು: ಸೆಲ್ ಬದಲಿಸುವಾಗ ಬೇಗ ಬದಲಿಸಿ, ಹೆಚ್ಚು ಹೊತ್ತು ಸೆಲ್ ಇಲ್ಲದಿದ್ದರೆ ಕಲಿತದ್ದೆಲ್ಲ ಅಳಿಸಿಹೋಗುತ್ತದೆ. ಮತ್ತೆ ಕಲಿಸುವ ಎಂದರೆ ಹಳೆಯ ಮೂರೂ ಸತ್ತಿದ್ದವು.

ವಿಜ್ಞಾನದ ಟೀಚರ್ ನಾನು. ಆ ಸಾಲಿನ ಮೇಲೆ ಬೆರಳು ಇಟ್ಟುಕೊಂಡು ಕೂತಿದ್ದೆ. ಅಕ್ಕ ಎದುರಿಗೇ ಕೂತಿದ್ದರು. "ಏನು ಬರೆದದ್ದು ಟೀಚರ್?" ಎಂದು ಕೇಳಿದರು. "ಏನೂ ಇಲ್ಲ, ಒಳಗೆ ತೇವ ಹೋಗಿರಬೇಕು. ಪೇಟೆಯಲ್ಲಿ ತೋರಿಸಿ ತರ್ತೇನೆ" ಎಂದೆ. ರಿಮೋಟನ್ನೂ ಕಾಗದವನ್ನೂ ನನ್ನ ಚೀಲಕ್ಕೆ ಹಾಕಿಕೊಂಡೆ. ಎಲ್ಲಿಯೂ ತೋರಿಸಲಿಲ್ಲ. ಖಾನೆಯೊಳಗೆ ಹಾಕಿದೆ.

ಶುಕ್ರವಾರ ಸಾಹೇಬರ ಫೋನ್ ಬರುವ ಹೊತ್ತಿಗೆ ನಾನು ಅಲ್ಲೇ ಇದ್ದೆ. ಅಕ್ಕ ರಿಸೀವರ್ ಹಿಡಿದು ಹೇಳಿದರು, ರಿಮೋಟ್ ತನ್ನ ಕೈಜಾರಿ ನೀರಿನ ಬಾಲ್ದಿಗೆ ಬಿತ್ತು ಎಂದು. ಅತ್ತ ಕಡೆಯ ಸ್ವರ ಏರಿದ್ದು ನನಗೂ ಕೇಳಿಸಿತು. ಓದು ಬಾರದವಳ ಕೈಗೆ ಅಂಥದ್ದು ಕೊಟ್ಟದ್ದೇ ತಪ್ಪು ಎಂದರಂತೆ. ಅಕ್ಕ "ಆಯ್ತು, ಆಯ್ತು" ಎನ್ನುತ್ತಾ ಕೇಳಿದರು. ಯಾಕೆ ಸುಳ್ಳು ಹೇಳಿದಿರಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನನ್ನದೂ ಹೊರಗೆ ಬರುತ್ತಿತ್ತು.

ಆಮೇಲೆ ಬಂಟ್ವಾಳದಿಂದ ಆ ಅಗ್ಗದ ನಂಬರಿನ ರಿಮೋಟನ್ನೇ ತಂದೆವು. ಅದು ಟೀವಿಗೆ ಮಾತ್ರ. ಉಳಿದದ್ದಕ್ಕೆ ಯಂತ್ರಗಳ ಎದುರಿನ ಗುಂಡಿಗಳನ್ನು ಒತ್ತಿ ತಿರುಗಿಸಬೇಕು. ಮತ್ತೆ ಅಕ್ಕ ಸಂದಿನಲ್ಲಿ ನಿಂತು ಕರೆಯುವುದು, ನಾನು ಹೋಗುವುದು, ಆ ಮೊದಲ ಮಾತು ನನ್ನ ಕಿವಿಗೆ ಬೀಳುವುದು. ಮೂರು ವರ್ಷ ಹಾಗೆ ನಡೆಯಿತು, ಮೊಬೈಲು ಬರುವ ತನಕ. ಅವರಿಗೆ ಆ ಗುಂಡಿಗಳನ್ನು ಕಲಿಸಲಿಕ್ಕೆ ಒಂದು ಗಂಟೆ ಸಾಕಿತ್ತು. ತರಗತಿಗೆ ಐವತ್ತು ಮಕ್ಕಳಿಗೆ ಕಲಿಸಿದವಳು ಅವರೊಬ್ಬರಿಗೆ ಕಲಿಸಲಿಲ್ಲ. ಕರೆಸಿಕೊಳ್ಳುವುದು ನನಗೆ ಇಷ್ಟವಾಗುತ್ತಿತ್ತು, ಅದು ಈಗ ಗೊತ್ತಾಗುತ್ತದೆ. ನಾಚಿಕೆಯಾಗುತ್ತದೆ.

ಹೇಳಿದ್ದು ಬಹಳ ತಡವಾಗಿ. ಅಕ್ಕ ಕಾಯಿಲೆ ಬಿದ್ದು ಹೊರಗಿನ ಓಡಾಟ ನಿಲ್ಲಿಸಿದ ಮೇಲೆ, ಒಂದು ಸಂಜೆ ಅವರ ಮಂಚದ ಹತ್ತಿರ ಕೂತು ಎಲ್ಲ ಹೇಳಿಬಿಟ್ಟೆ. ಅವರು ನನ್ನ ಕೈ ಮೇಲೆ ಕೈ ಇಟ್ಟರು.

"ನನಗೆ ಅವತ್ತೇ ಗೊತ್ತಿತ್ತು ಟೀಚರ್. ನೀವು ಓದ್ತಾ ಓದ್ತಾ ಒಂದು ಕಡೆ ಬೆರಳು ನಿಲ್ಲಿಸಿದ್ರಿ. ಮತ್ತೆ ಆ ಬೆರಳು ಮುಂದೆ ಹೋಗಲೇ ಇಲ್ಲ. ಇಂಗ್ಲಿಷ್ ಬಾರದಿದ್ರೂ ಮುಖ ಓದ್ಲಿಕ್ಕೆ ಬರ್ತದಲ್ಲ."

"ಮತ್ತೆ ನೀರಿಗೆ ಬಿತ್ತು ಅಂತ ಯಾಕೆ ಹೇಳಿದ್ರಿ?"

"ನಿಮ್ಮ ಹೆಸರು ಹೇಳಿದ್ರೆ ಇವರು ನಿಮಗೆ ಏನಾದ್ರೂ ಅಂತಿದ್ರು. ನೀವು ಬರುವುದು ಬಿಡ್ತಿದ್ರಿ. ಮುಂದಿನ ಸೀಡಿ ಬಂದ್ರೆ ನಾನು ಯಾರನ್ನು ಕರೆಯುವುದು?"

ಮರುವರ್ಷ ಅಕ್ಕ ಹೋದರು. ಸಾಹೇಬರು ಶಾರ್ಜಾ ಬಿಟ್ಟು ಬಂದು ಇಲ್ಲೇ ಇದ್ದಾರೆ. ಕಳೆದ ತಿಂಗಳು ಗೋಡೆಯ ಸಂದಿನಲ್ಲಿ ಸಿಕ್ಕಿದಾಗ ಅಕ್ಕನ ಮಾತು ಬಂತು. "ಎಷ್ಟು ಜಾಗ್ರತೆಯವಳು ಟೀಚರ್. ಒಂದು ಲೋಟ ಒಡೆದವಳಲ್ಲ. ಆ ರಿಮೋಟ್ ಒಂದು ಮಾತ್ರ ನೀರಿಗೆ ಹಾಕಿದ್ಲು ನೋಡಿ" ಎಂದರು. ನಾನು ಆಗಲೂ ಸುಮ್ಮನಿದ್ದೆ.

ಕಳೆದ ವಾರ ಖಾನೆಯಲ್ಲಿ ಇದು ಸಿಕ್ಕಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಬಿಳಿ ಪುಡಿಯನ್ನು ಬಟ್ಟೆಯಲ್ಲಿ ಒರಸಿ, ಆ ಕಾಗದವನ್ನೂ ಹಿಡಿದುಕೊಂಡು ಸಂದು ದಾಟಿ ಹೋದೆ. ಸಾಹೇಬರು ಜಗಲಿಯಲ್ಲಿ ಕೂತಿದ್ದರು. ಆ ಸಾಲು ತೋರಿಸಿದೆ. ನೀರಿಗೆ ಬಿದ್ದದ್ದಲ್ಲ, ಸೆಲ್ ತೆಗೆಯಲಿಕ್ಕೆ ಹೇಳಿದ್ದು ನಾನು, ಅಕ್ಕನಿಗೆ ಗೊತ್ತಿತ್ತು, ನನಗಾಗಿ ಸುಳ್ಳು ಹೇಳಿದ್ದು ಎಂದೆ.

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ರಿಮೋಟನ್ನು ಕೈಗೆ ತೆಗೆದುಕೊಂಡು ಬೊಟ್ಟಿನ ಮೇಲೆ ಹೆಬ್ಬೆರಳು ಇಟ್ಟರು, ಒತ್ತಲಿಲ್ಲ.

"ಅವತ್ತು ಫೋನಿನಲ್ಲಿ ನಾನು ಅವಳಿಗೆ ಬೈದದ್ದು ಉಂಟಲ್ಲ ಟೀಚರ್" ಎಂದರು. "ಅದನ್ನು ಈಗ ಯಾರ ಹತ್ತಿರ ಹಿಂದೆ ತಗೊಳ್ಳುವುದು?"

ರಿಮೋಟನ್ನು ಅವರ ಕೈಯಲ್ಲೇ ಬಿಟ್ಟು ಬಂದೆ.