ಗ್ರೀಸ್ ಹತ್ತಿದ ಉಡಿ

ಹುಚ್ಚು ಬಿಡೋ ತನಕ ಮದುವೆ ಆಗೋದಿಲ್ಲ, ಮದುವೆ ಆಗೋ ತನಕ ಹುಚ್ಚು ಬಿಡೋದಿಲ್ಲ ಎಂಬ ಗಾದೆಯನ್ನು ಇಳಕಲ್ಲಿನಲ್ಲಿ ನನ್ನಷ್ಟು ಸಲ ಕೇಳಿಸಿಕೊಂಡವರು ಇರಲಿಕ್ಕಿಲ್ಲ. ಹುಚ್ಚು ಎಂದರೆ ಸೈಕಲ್ಲಿನದು. ಈಗ ವಯಸ್ಸು ಮೂವತ್ತು ದಾಟಿದೆ. ಮದುವೆಯೂ ಆಗಿಲ್ಲ, ಹುಚ್ಚೂ ಬಿಟ್ಟಿಲ್ಲ. ನೆದರ್‌ಲ್ಯಾಂಡ್ಸಿನ ಒಂದು ಸಣ್ಣ ಊರಿನಲ್ಲಿ ನನ್ನದೇ ಸೈಕಲ್ ಅಂಗಡಿ ಇದೆ, ಅದರ ಹಿತ್ತಲಿನಲ್ಲಿ ಸೈಕಲ್ ಕಲಿಸುವ ಶಾಲೆ ಇದೆ. ಗಾದೆ ಹೇಳಿದವರು ಯಾವಾಗ ಬೇಕಾದರೂ ಬಂದು ನೋಡಬಹುದು. ಭಾನುವಾರ ಮಾತ್ರ ರಜೆ.

ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಿಂದ ಇದೆಲ್ಲ ಶುರುವಾಯಿತು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದಳು. ಮನೆ ದೊಡ್ಡಪ್ಪನದು, ಮನೆಯೊಳಗಿನ ಮಾತೂ ದೊಡ್ಡಪ್ಪನದೇ. ಹುಡುಗಿಗೆ ಸೈಕಲ್ ಕಲಿಸಲು ಯಾರಿಗೂ ಪುರಸೊತ್ತಿರಲಿಲ್ಲ. ಅವ್ವನಿಗಂತೂ ಸೈಕಲ್ ತುಳಿಯುವುದೇ ಗೊತ್ತಿರಲಿಲ್ಲ. ಆದರೂ ಒಂದು ದಿನ ಮಗ್ಗದಿಂದ ಎದ್ದು ಬಂದವಳೇ ತನ್ನದೊಂದು ಹಳೆಯ ಸೀರೆಯನ್ನು ಹುರಿ ಮಾಡಿ ನನ್ನ ಸೊಂಟಕ್ಕೆ ಸುತ್ತಿದಳು. ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದು ಹಿಂದೆ ಓಡಿದಳು. ನಾನು ವಾಲಿದರೆ ಎಳೆಯುತ್ತಿದ್ದಳು, ನೆಟ್ಟಗಾದರೆ ಸಡಿಲ ಬಿಡುತ್ತಿದ್ದಳು.

"ಹರದು ಬಿದ್ದೇನಂತ ಅಂಜಬ್ಯಾಡ. ನಾ ನೇಯ್ದ ಸೀರಿ ಅದು. ತುಳಿ," ಎಂದಳು.

ತುಳಿದೆ. ಹುನಗುಂದಕ್ಕೆ, ಅಲ್ಲಿಂದ ಕೂಡಲಸಂಗಮಕ್ಕೆ, ಎದುರುಗಾಳಿಗೆ ಬಾಯ್ತುಂಬ ಎರೆಹೊಲದ ಧೂಳು ತಿನ್ನುತ್ತ ತುಳಿದೆ. ಬಾಗಲಕೋಟೆಯಲ್ಲಿ ಕಾಲೇಜು ಸೇರಿದ ಮೇಲೆ ತುಳಸಿಗೇರಿ ರಸ್ತೆಯಲ್ಲಿ ಪಂದ್ಯಗಳಿಗೆ ಇಳಿದೆ. ಗೆದ್ದಾಗ ದೊಡ್ಡಪ್ಪನೂ ಖುಷಿಪಟ್ಟ. ಕ್ರೀಡಾ ಕೋಟಾದಲ್ಲಿ ರೈಲ್ವೆ ನೌಕರಿ ಸಿಗುತ್ತದೆ, ಆಮೇಲೆ ಒಳ್ಳೆಯ ವರ ಸಿಗುತ್ತಾನೆ, ಅಲ್ಲಿಗೆ ಸೈಕಲ್ ಮುಗಿಯಿತು ಎಂಬುದು ಅವನ ಲೆಕ್ಕ. ಎಲ್ಲರಿಗೂ ಸೈಕಲ್ ಎಂದರೆ ಅಟ್ಟಕ್ಕೆ ಹತ್ತುವ ಏಣಿ. ಹತ್ತಿದ ಮೇಲೆ ಅದನ್ನು ಗೋಡೆಗೆ ಒರಗಿಸಿಬಿಡಬೇಕು. ನನಗೆ ಅಟ್ಟ ಬೇಡವಾಗಿತ್ತು, ಏಣಿಯೇ ಬೇಕಾಗಿತ್ತು.

ನೌಕರಿಯ ಅರ್ಜಿ ಹಾಕಲಿಲ್ಲ. ಬಾದಾಮಿಗೆ ಹೋಗಿ, ಗುಹೆ ನೋಡಲು ಬಂದ ಪ್ರವಾಸಿಗರನ್ನು ಸೈಕಲ್ ಮೇಲೆ ಪಟ್ಟದಕಲ್ಲು, ಐಹೊಳೆ ಸುತ್ತಿಸುವ ಕೆಲಸ ಹಿಡಿದೆ. ಕೆಟ್ಟ ಸೈಕಲ್ಲುಗಳ ರಿಪೇರಿಯೂ ನನ್ನದೇ. ಹಾಗೆ ಬಂದವರಲ್ಲಿ ಒಬ್ಬಳು ತನ್ನ ದೇಶ ನೆದರ್‌ಲ್ಯಾಂಡ್ಸಿನಲ್ಲಿ ಸೈಕಲ್ ಅಂಗಡಿ ಇಟ್ಟವಳು. ನಮ್ಮಲ್ಲಿ ರಿಪೇರಿಗೆ ಜನ ಸಿಗುವುದಿಲ್ಲ, ಬರುತ್ತೀಯಾ ಎಂದು ಕೇಳಿದಳು. ಅವಳ ಮಾತು ಮುಗಿಯುವ ಮೊದಲೇ ಹ್ಞೂಂ ಎಂದಿದ್ದೆ.

ಹೊರಡುವ ದಿನ ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ, ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ರವಿಕೆಗೆಂದು ಒಂದು ಗುಳೇದಗುಡ್ಡದ ಖಣ ಇಟ್ಟುಕೊಂಡು ಬಂದಳು. ತವರು ಬಿಟ್ಟು ದೂರ ಹೋಗುವ ಹೆಣ್ಣಿನ ಸೆರಗಿಗೆ ಇಷ್ಟನ್ನು ಹಾಕಿ ಉಡಿ ತುಂಬುವುದು ನಮ್ಮ ಪದ್ಧತಿ. ಈ ಮನೆ ನಿನ್ನದು, ಮತ್ತೆ ಬಾ ಎಂದು ಅದರ ಅರ್ಥ. ತುಂಬುವವಳು ಮುತ್ತೈದೆಯೇ ಆಗಿರಬೇಕು. ಹಾಗಾಗಿ ಅವ್ವ ಮುಂದೆ ಬರದೆ ಮಗ್ಗದ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ನಾನು ಇದಕ್ಕೆಂದೇ ಅವತ್ತು ಸೀರೆ ಉಟ್ಟಿದ್ದೆ. ಸೆರಗು ಒಡ್ಡಿದೆ.

"ಇಡು ಅದನ್ನ," ಎಂದ ದೊಡ್ಡಪ್ಪ. "ಗಂಡನ ಮನಿಗಿ ಹೊಂಟಾಕಿಗಿ ಉಡಿ ತುಂಬ್ತಾರ. ಸೈಕಲ್ ಬೆನ್ನ ಹತ್ತಿ ಹೊಂಟಾಕಿಗಲ್ಲ."

ದೊಡ್ಡವ್ವ ತಾಟನ್ನು ಕೆಳಗಿಟ್ಟಳು. "ನಿಮ್ಮ ಅಕ್ಕಿ ನೀವ ಉಣ್ರಿ, ದೊಡ್ಡಪ್ಪಾರ," ಎಂದು ಖಾಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಬಿದ್ದೆ. ಬಾಯಿ ಜೋರು ಮಾಡಿದ್ದು ಖರೆ, ಆದರೆ ಆ ಉಡಿ ನನಗೆ ಬೇಕಾಗಿತ್ತು. ಬಹಳ ಬೇಕಾಗಿತ್ತು. ಊರು ಬಿಡುತ್ತಿದ್ದೇನೆಂದು ನಾನು ಅಳಲಿಲ್ಲ. ಬರಿಯ ಸೆರಗಿನಲ್ಲಿ ಬಿಡುತ್ತಿದ್ದೇನೆಂದು ಬಸ್ಸಿನಲ್ಲಿ ಹುಬ್ಬಳ್ಳಿಯ ತನಕ ಅತ್ತೆ. ವಿಮಾನ ಇಳಿದು ಬ್ಯಾಗು ಬಿಚ್ಚಿದಾಗ ಬಟ್ಟೆಗಳ ತಳದಲ್ಲಿ ಅವ್ವನ ಆ ಹಳೆಯ ಸೀರೆ ಸಿಕ್ಕಿತು. ಯಾವಾಗ ತುರುಕಿದ್ದಳೋ.

ಡಚ್ಚರಿಗೆ ಸೈಕಲ್ ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ಆದರೆ ಮೊರಾಕ್ಕೊ, ಸಿರಿಯಾ, ಟರ್ಕಿಗಳಿಂದ ಬಂದು ಆ ಊರಲ್ಲಿ ನೆಲೆಸಿದ ಹೆಂಗಸರು ಮಕ್ಕಳ ಸೈಕಲ್ಲುಗಳನ್ನು ರಿಪೇರಿಗೆ ತರುತ್ತಿದ್ದರು, ನೂಕಿಕೊಂಡೇ ಬಂದು ನೂಕಿಕೊಂಡೇ ಹೋಗುತ್ತಿದ್ದರು. ಹತ್ತುವುದಿಲ್ಲವೇ ಎಂದು ಒಬ್ಬಳನ್ನು ಕೇಳಿದೆ. ಚಿಕ್ಕವಳಿದ್ದಾಗ ಬಿಡಲಿಲ್ಲ, ಈಗ ವಯಸ್ಸಾಯಿತು ಎಂದು ನಕ್ಕಳು. ಆ ನಗು ನೋಡಿ ನನಗೆ ಮೈ ಉರಿಯಿತು. ಅವ್ವನ ಸೀರೆ ತಂದು ಹುರಿ ಮಾಡಿ ಅವಳ ಸೊಂಟಕ್ಕೆ ಸುತ್ತಿದೆ, ಹಿಂದೆ ಓಡಿದೆ. ಹೀಗೆ ಕಲಿಸುವುದನ್ನು ಎಲ್ಲೂ ನೋಡಿಲ್ಲ ಎಂದಳು ಅಂಗಡಿಯ ಒಡತಿ. ಇಳಕಲ್ಲಿಗೆ ಬಂದಿದ್ದರೆ ನೋಡುತ್ತಿದ್ದಿರಿ ಎಂದೆ. ಬಿದ್ದರೂ ಹಿಂದೊಂದು ಕೈ ಇದೆ ಎಂಬ ಧೈರ್ಯ ಬಂದವಳು ಬೇಗ ಕಲಿಯುತ್ತಾಳೆ. ಒಬ್ಬಳು ತಂಗಿಯನ್ನು ಕರೆತಂದಳು, ತಂಗಿ ಅತ್ತೆಯನ್ನು. ಕಲಿತವರು ಸೈಕಲ್ ಕೊಳ್ಳಬೇಕಲ್ಲ, ಹಳೆಯವನ್ನು ಸರಿಮಾಡಿ ಮಾರತೊಡಗಿದೆ. ಕೆಲವು ವರ್ಷಕ್ಕೆ ಸ್ವಂತ ಅಂಗಡಿಯೇ ಆಯಿತು.

ಹೋದ ವರ್ಷ ಅವ್ವನಿಗೆ ಟಿಕೆಟ್ ಕಳಿಸಿದೆ. ಹೋಗಬೇಡ ಎಂದು ದೊಡ್ಡಪ್ಪ ಹೇಳಿದನಂತೆ. ಅವ್ವ ಬಂದಳು.

ಬಂದ ಮರುದಿನವೇ ಹಿತ್ತಲಿಗೆ ಬಂದು ನಿಂತಳು. ಅಲ್ಲಿ ಒಬ್ಬ ಹೆಂಗಸು ಅವ್ವನ ಸೀರೆ ಸೊಂಟಕ್ಕೆ ಸುತ್ತಿಕೊಂಡು ಪೆಡಲ್ ತುಳಿಯುತ್ತಿದ್ದಳು, ಹಿಂದೆ ನಾನು ಏದುಸಿರು ಬಿಡುತ್ತಿದ್ದೆ.

"ಇನ್ನೂ ಹರದಿಲ್ಲೇನ ಅದು?" ಎಂದಳು ಅವ್ವ.

"ನೀ ನೇಯ್ದದ್ದಲ್ಲೇನ, ಹೆಂಗ ಹರೀತೈತಿ?"

ಅವ್ವ ಒಳಗೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ತಾಟು ಇತ್ತು. ಅಕ್ಕಿ ನನ್ನ ಡಬ್ಬಿಯದು. ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು ಊರಿನವು. ಖಣ ನೋಡಿದ ಕೂಡಲೇ ಗುರುತಿಸಿದೆ. ಅವತ್ತು ದೊಡ್ಡವ್ವ ಕೆಳಗಿಟ್ಟ ತಾಟಿನಲ್ಲಿದ್ದ ಅದೇ ಖಣ.

"ಯವ್ವಾ, ನೀ ತುಂಬಬಾರದಲ್ಲ," ಎಂದೆ.

"ಗಂಡ ಸತ್ತಾಕಿ ತುಂಬಬಾರದು, ಗಂಡ ಇಲ್ಲದಾಕಿ ತುಂಬಿಸ್ಕೋಬಾರದು. ಇಬ್ಬರೂ ಕೂಡೇ ತಪ್ಪ ಮಾಡೂಣು. ಒಡ್ಡು."

ನಾನು ಪ್ಯಾಂಟಿನಲ್ಲಿದ್ದೆ. ಮೇಲೊಂದು ಏಪ್ರನ್, ಅದರ ತುಂಬ ಚೈನಿನ ಗ್ರೀಸು. ಸೀರೆ ಉಟ್ಟು ಬರುತ್ತೇನೆ ತಡಿ ಎಂದೆ.

"ಏನ ಬ್ಯಾಡ. ದುಡಿಯೂ ಅರಿವಿ ಅದು, ಅದಕ್ಕಿಂತ ಚೊಲೋ ಸೆರಗ ಯಾವುದೈತಿ?"

ಏಪ್ರನ್ನಿನ ಎರಡು ತುದಿ ಹಿಡಿದು ಒಡ್ಡಿದೆ. ಅವ್ವ ಬೊಗಸೆ ಬೊಗಸೆ ಅಕ್ಕಿ ಹಾಕಿದಳು, ಮೇಲೆ ಖಣ ಇಟ್ಟಳು. ಉಡಿ ತುಂಬಿಸಿಕೊಂಡವಳು ತವರಿಗೆ ಒಂದು ಹಿಡಿ ಅಕ್ಕಿ ತಿರುಗಿ ಕೊಡಬೇಕು. ಅವ್ವ ತನ್ನ ಸೆರಗು ಒಡ್ಡಿದಳು, ಅದರಲ್ಲಿ ಹಾಕಿದೆ. ನನ್ನ ತವರು ಅಷ್ಟೇ, ಆ ಸೆರಗಿನಷ್ಟು. ನನಗೆ ಅಷ್ಟು ಸಾಕು. ಸೈಕಲ್ ಮೇಲಿದ್ದ ಹೆಂಗಸು ಕಾಲೂರಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಅವ್ವ ಅವಳ ಕೈಗೆ ನನ್ನ ಮೊಬೈಲ್ ಕೊಟ್ಟಳು.

"ಒಂದ ಫೋಟೋ ಹೊಡಿ ಅನ್ನು ಆಕಿಗೆ. ಗ್ರೀಸ್ ಕಾಣಬೇಕು. ನಿಮ್ಮ ದೊಡ್ಡಪ್ಪಗ ಕಳಸು."

ಗ್ರೀಸು ಚೆನ್ನಾಗಿ ಕಾಣುತ್ತಿತ್ತು. ಕಳಿಸಿದೆ.